ಹೊಳೆ ದಾಟುವುದಿದ್ದರೆ ಬೆಳಿಗ್ಗೆಯೇ ದಾಟಿ

ಹಿಮಾಚಲದ ಗ್ರೇಟ್ ಹಿಮಾಲಯನ್ ನ್ಯಾಷನಲ್ ಪಾರ್ಕ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಒಂದು ಪುಟ ಬರೆದಿದ್ದೆ. ಕುಲ್ಲು ಜಿಲ್ಲೆಯ ಕಾಡು, ತೀರ್ಥನ್ ಮತ್ತು ಸೈಂಜ್ ಹೊಳೆಗಳ ಕಣಿವೆ, ಪೈನ್ ಮರಗಳ ನಡುವೆ ನಡೆಯುವ ದಾರಿ. ಬಂದ ಪತ್ರಗಳಲ್ಲಿ ಮೈಸೂರು, ಮಂಡ್ಯದ್ದೇ ಜಾಸ್ತಿ. ಬೇಸಿಗೆ ರಜೆ ಹತ್ತಿರ ಬಂತಲ್ಲ! ಒಂದೇ ಥರದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇನೆ. ಹೆಸರು ಹಾಕಬೇಡಿ ಅಂತ ಕೆಲವರು ಕೇಳಿದ್ದರಿಂದ ಯಾರದ್ದೂ ಹಾಕಿಲ್ಲ.

ನನಗೆ 62 ವರ್ಷ. ಮೇಷ್ಟ್ರಾಗಿದ್ದು ನಿವೃತ್ತನಾದವನು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಅಭ್ಯಾಸ ಇದೆ, ಬಿಪಿ ಮಾತ್ರೆಯೂ ಇದೆ. ಹಿಮಾಲಯ ನನ್ನ ಕೈಲಾಗುತ್ತದೆಯೇ?
— ಕುವೆಂಪುನಗರ, ಮೈಸೂರು

ಆಗುತ್ತೆ ಮೇಷ್ಟ್ರೇ. ಆದರೆ ಚಾಮುಂಡಿ ಬೆಟ್ಟದಲ್ಲಿ ಸಾವಿರ ಮೆಟ್ಟಿಲು ಹತ್ತಿ, ನಂದಿ ಹತ್ತಿರ ಸ್ವಲ್ಪ ಕೂತು, ದರ್ಶನ ಮುಗಿಸಿ ಬಸ್ಸಲ್ಲಿ ಇಳಿದು ಬರುವವರೇ ಹೆಚ್ಚು. ಪಾರ್ಕಿನ ದಾರಿಯಲ್ಲಿ ಇಳಿಯುವುದಕ್ಕೆ ಬಸ್ಸಿಲ್ಲ. ಹೊಳೆಯ ಪಕ್ಕದಲ್ಲೇ ದಾರಿ, ಹತ್ತುತ್ತೆ, ಇಳಿಯುತ್ತೆ, ಮತ್ತೆ ಹತ್ತುತ್ತೆ. ಹತ್ತುವಾಗ ಬರೀ ಉಸಿರು ಹೋಗುತ್ತೆ, ಮಂಡಿ ಹೋಗುವುದು ಇಳಿಯುವಾಗಲೇ. ಅದಕ್ಕೆ ಈಗಿನಿಂದ ಬೆನ್ನಿಗೆ ಐದಾರು ಕಿಲೋ ಹಾಕಿಕೊಂಡು ಹತ್ತಿ, ಅದೇ ಮೆಟ್ಟಿಲಲ್ಲಿ ನಡೆದೇ ಇಳಿಯಿರಿ. ಮೆಟ್ಟಿಲು ಬೇಜಾರಾದರೆ ಪಾಂಡವಪುರದ ಕುಂತಿ ಬೆಟ್ಟ ಇದೆ. ಅಲ್ಲಿನ ಬಂಡೆ, ಕಲ್ಲುದಾರಿ ಕಾಲಿಗೆ ಇನ್ನೂ ಒಳ್ಳೆಯ ಪಾಠ.

ಎತ್ತರದ ಲೆಕ್ಕ ಹೇಳುತ್ತೇನೆ. ಮೈಸೂರು ಸುಮಾರು 770 ಮೀಟರ್, ಚಾಮುಂಡಿ ಬೆಟ್ಟದ ತುದಿ ಸುಮಾರು 1,060. ತೀರ್ಥನ್ ಕಣಿವೆಯ ಮೊದಲ ಕ್ಯಾಂಪ್ ರೋಲಾ ಇರುವುದು ಸುಮಾರು 2,100 ಮೀಟರ್‌ನಲ್ಲಿ. ಅಷ್ಟಕ್ಕೆ ಸಾಮಾನ್ಯವಾಗಿ ಯಾರಿಗೂ ತಲೆ ಸುತ್ತಲ್ಲ. 2,500 ದಾಟಿದ ಮೇಲೆ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಶುರುವಾಗಬಹುದು. ವಿಚಿತ್ರ ಅಂದರೆ ಈ ತೊಂದರೆ ನಡೆಯುವವರಿಗಿಂತ ಕಾರಲ್ಲಿ ಹೋಗುವವರಿಗೇ ಬೇಗ ಬರುತ್ತೆ. ಹತ್ತಿರದ ಜಲೋರಿ ಪಾಸ್ 3,120 ಮೀಟರ್, ಗಾಡಿ ನೇರ ಅಲ್ಲಿಗೇ ಹತ್ತುತ್ತೆ, ದೇಹಕ್ಕೆ ಹೊಂದಿಕೊಳ್ಳಲು ಪುರಸೊತ್ತೇ ಸಿಗಲ್ಲ. ತಲೆ ನೋಯುತ್ತಿದ್ದರೆ ಇನ್ನೂ ಮೇಲೆ ಹೋಗಬೇಡಿ, ಕೆಳಗೆ ಇಳಿದುಬಿಡಿ. ಬಿಪಿ ವಿಷಯ ಮಾತ್ರ ನಿಮ್ಮ ಡಾಕ್ಟರ್ ಹೇಳಬೇಕು. ಎಷ್ಟು ಮೀಟರ್ ಹತ್ತುತ್ತೀರಿ ಅಂತ ಅವರಿಗೆ ಬರೆದುಕೊಂಡು ಹೋಗಿ. ಸುಮ್ನೆ ‘ಹಿಮಾಲಯಕ್ಕೆ ಹೋಗ್ತೀನಿ’ ಅಂದರೆ ಅವರು ಎವರೆಸ್ಟ್ ಅಂದುಕೊಂಡು ಬೇಡ ಅನ್ನುತ್ತಾರೆ.

ನಾವು ನಾಲ್ಕು ಜನ ಕಾಲೇಜು ಹುಡುಗಿಯರು. ಕಡಿಮೆ ಖರ್ಚಲ್ಲಿ ಹೋಗುವುದು ಹೇಗೆ? ಪರ್ಮಿಟ್ ಬೇಕಾ? ಯಾವ ತಿಂಗಳು?
— ಮಂಡ್ಯ

ಮೈಸೂರಿನಿಂದ ಹಜರತ್ ನಿಜಾಮುದ್ದೀನ್‌ಗೆ ವಾರಕ್ಕೊಮ್ಮೆ ಸ್ವರ್ಣಜಯಂತಿ ರೈಲಿದೆ. ಯಶವಂತಪುರದಿಂದ ಚಂಡೀಗಢಕ್ಕೆ ಸಂಪರ್ಕ ಕ್ರಾಂತಿ ಇದೆ. ದೆಹಲಿಯಿಂದಲೋ ಚಂಡೀಗಢದಿಂದಲೋ ಮನಾಲಿ ಬಸ್ಸು ಹತ್ತಿ, ಮಂಡಿ ಪಟ್ಟಣ ದಾಟಿದ ಮೇಲೆ ಔಟ್ ಅನ್ನುವ ಊರಿನ ಸುರಂಗದ ಹತ್ತಿರ ಇಳಿಯಬೇಕು. ಕಂಡಕ್ಟರಿಗೆ ಮೊದಲೇ ಹೇಳಿರಿ, ಬೆಳಗಿನ ಜಾವದ ನಿದ್ದೆಯಲ್ಲಿ ಕುಲ್ಲುವರೆಗೂ ಹೋಗಿಬಿಡುವವರಿದ್ದಾರೆ. ಔಟ್‌ನಿಂದ ಬಂಜಾರ್, ಬಂಜಾರ್‌ನಿಂದ ಗುಶೈನಿ, ಎರಡಕ್ಕೂ ಲೋಕಲ್ ಬಸ್ಸು ಸಿಗುತ್ತೆ.

ಪಾರ್ಕಿನೊಳಗೆ ಕಾಲಿಡಲು ಪರ್ಮಿಟ್ ಬೇಕೇ ಬೇಕು. ತೀರ್ಥನ್ ಕಡೆ ಹೋಗುವವರು ಸಾಯಿ ರೋಪಾದ ಅರಣ್ಯ ಇಲಾಖೆ ಕಚೇರಿಯಲ್ಲಿ ಮಾಡಿಸಬಹುದು. ಆಧಾರ್ ಕಾರ್ಡಿನ ಜೆರಾಕ್ಸ್ ನಾಲ್ಕೈದು ಇಟ್ಟುಕೊಳ್ಳಿ. ಏಪ್ರಿಲ್ ಕೊನೆಯಿಂದ ಜೂನ್ ಮಧ್ಯದವರೆಗೆ ಒಳ್ಳೆಯ ಕಾಲ, ಆಮೇಲೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಶುರುವಿನವರೆಗೆ. ಜುಲೈ, ಆಗಸ್ಟ್ ಬೇಡವೇ ಬೇಡ. 2023ರ ಜುಲೈಯಲ್ಲಿ ಬಿಯಾಸ್ ನದಿ ಕುಲ್ಲು–ಮನಾಲಿ ರಸ್ತೆಯನ್ನೇ ಕೊಚ್ಚಿಕೊಂಡು ಹೋಗಿದ್ದನ್ನು ಟಿವಿಯಲ್ಲಿ ನೋಡಿರುತ್ತೀರಿ.

ನಮ್ಮ ಹೊಲದ ಬದಿಯಲ್ಲಿ ಸರ್ವೆ ತೋಪು ಇದೆ. ಪೈನ್ ಅಂದರೆ ಅದೇ ಜಾತಿ ತಾನೇ? ಅದನ್ನು ನೋಡೋಕೆ ಅಷ್ಟು ದೂರ ಯಾಕೆ ಹೋಗಬೇಕು ಸ್ವಾಮಿ?
— ರೈತ ಓದುಗರು, ಪಾಂಡವಪುರ

ನೀವು ಕೇಳಿದ್ದು ತಮಾಷೆಗೋ ನಿಜವಾಗಿಯೋ, ಪ್ರಶ್ನೆ ಚೆನ್ನಾಗಿದೆ. ದೂರದಿಂದ ನೋಡಿದರೆ ಎರಡೂ ಒಂದೇ ಥರ. ಗಾಳಿ ಬೀಸಿದರೆ ಸದ್ದೂ ಹೆಚ್ಚುಕಡಿಮೆ ಅದೇ. ಆದರೆ ಸಂಬಂಧವೇ ಇಲ್ಲ.

ನಿಮ್ಮ ತೋಪಿನ ಒಂದು ಸೂಜಿ ಕಿತ್ತು ನೋಡಿ. ಅದರಲ್ಲಿ ಸಣ್ಣ ಸಣ್ಣ ಗಿಣ್ಣುಗಳಿವೆ. ಚಿಕ್ಕವರಿದ್ದಾಗ ಒಂದು ಗಿಣ್ಣಲ್ಲಿ ಕಿತ್ತು, ಮತ್ತೆ ಸೇರಿಸಿಟ್ಟು, ‘ಎಲ್ಲಿ ಕಿತ್ತಿದ್ದೀನಿ ಹೇಳು’ ಅಂತ ಆಡಿರುತ್ತೀರಿ ಅಲ್ವಾ? ಆ ಸೂಜಿ ಎಲೆಯೇ ಅಲ್ಲ, ಹಸಿರು ಕಡ್ಡಿ. ನಿಜವಾದ ಎಲೆಗಳು ಆ ಗಿಣ್ಣಿನ ಸುತ್ತ ಕಣ್ಣಿಗೆ ಕಾಣದಷ್ಟು ಸಣ್ಣ ಹಲ್ಲಿನ ಹಾಗಿರುತ್ತವೆ. ಸರ್ವೆ ಹೂ ಬಿಡುವ ಮರ, ಆಸ್ಟ್ರೇಲಿಯಾ ಮತ್ತು ಆಗ್ನೇಯ ಏಷ್ಯಾದ ಕಡೆಯದು. ಪೈನ್ ಹೂ ಬಿಡಲ್ಲ. ಅದರ ಬೀಜ ಮರದ ಚೂರಿನಷ್ಟು ಗಟ್ಟಿಯಾದ ಕಾಯಿಯ ಪದರಗಳ ನಡುವೆ ಬಿಚ್ಚಾಗಿ ಕೂತಿರುತ್ತೆ. ಪೈನ್ ಸೂಜಿಯಲ್ಲಿ ಗಿಣ್ಣಿಲ್ಲ, ಬುಡದಲ್ಲಿ ಕಟ್ಟಿದ ಕಂತೆಯಾಗಿ ಬರುತ್ತೆ.

ಆ ಕಂತೆಯನ್ನು ಎಣಿಸಿದರೆ ಮರ ಯಾವುದು ಅಂತ ಗೊತ್ತಾಗುತ್ತೆ. ಒಂದು ಕಂತೆಯಲ್ಲಿ ಮೂರು ಸೂಜಿ ಇದ್ದರೆ ಚೀಡ್. ಇದು ಬಿಸಿಲಿನ ಮರ, ಸುಮಾರು 2,000 ಮೀಟರ್‌ವರೆಗೆ ಹೆಚ್ಚು, ಮಂಡಿ ಕಡೆಯಿಂದ ಬಸ್ಸಲ್ಲಿ ಬರುವಾಗಲೇ ಗುಡ್ಡದ ತುಂಬ ಕಾಣುತ್ತೆ. ಐದು ಸೂಜಿ ಇದ್ದರೆ ಕೈಲ್. ಇದು ಇನ್ನೂ ಮೇಲಿನ ಚಳಿಯ ಮರ, ಸೂಜಿಗಳು ನೀಲಿ ಛಾಯೆಯವು, ಜೋತುಬಿದ್ದಿರುತ್ತವೆ, ಕಾಯಿ ಉದ್ದ, ಮುಟ್ಟಿದರೆ ಕೈಗೆ ಅಂಟು. ದೇವದಾರು ಇವೆರಡರ ನೆಂಟ, ಆದರೆ ಪೈನ್ ಅಲ್ಲ. ಅದರ ಸೂಜಿ ಗಿಡ್ಡ, ಗೊಂಚಲು ಗೊಂಚಲಾಗಿರುತ್ತೆ. ಅಲ್ಲಿನ ದೇವಸ್ಥಾನ, ಹಳೆಯ ಮನೆಗಳ ಮರದ ಕೆಲಸ ಎಲ್ಲ ದೇವದಾರಿನದು.

ಪಾರ್ಕಿನ ಹೊರಗೆ ಚೀಡ್ ಕಾಡಲ್ಲಿ ನಿಂತರೆ ಇನ್ನೊಂದು ಕಾಣುತ್ತೆ. ಕಾಂಡದ ತೊಗಟೆ ಕೆತ್ತಿ ಗೀರು ಹಾಕಿರುತ್ತಾರೆ, ಗೀರಿನ ಕೆಳಗೆ ಒಂದು ತಗಡಿನ ಬಟ್ಟಲು. ಅಂಟು ಒಂದೊಂದೇ ಹನಿ ಇಳಿದು, ಬಟ್ಟಲಿನ ಅಂಚಲ್ಲಿ ಬೆಳ್ಳಗೆ ಹೆಪ್ಪುಗಟ್ಟಿರುತ್ತೆ, ಒಂದೆರಡು ಇರುವೆ ಸಿಕ್ಕಿಕೊಂಡಿರುತ್ತವೆ. ಬಣ್ಣಕ್ಕೆ ಬೆರೆಸುವ ಟರ್ಪೆಂಟೈನ್ ಬರುವುದು ಇದರಿಂದಲೇ. ಕುದಿಸಿ ಅದನ್ನು ತೆಗೆದ ಮೇಲೆ ಉಳಿಯುವುದು ರಾಳ. ಹಿಮಾಚಲದ ನಾಹನ್ ಮತ್ತು ಬಿಲಾಸ್‌ಪುರದಲ್ಲಿ ಇದಕ್ಕೆ ಸರ್ಕಾರಿ ಕಾರ್ಖಾನೆಗಳೇ ಇವೆ.

ನಿಮ್ಮ ಸರ್ವೆ ತೋಪಿನ ನೆಲಕ್ಕೂ ಚೀಡ್ ಕಾಡಿನ ನೆಲಕ್ಕೂ ಒಂದು ಹೋಲಿಕೆ ಮಾತ್ರ ಇದೆ, ಕೆಳಗೆಲ್ಲ ಒಣ ಸೂಜಿಯ ಹಾಸು. ತೋಪು ಸಪಾಟು, ಅಲ್ಲಿ ಇಳಿಜಾರು. ನುಣುಪು ಅಟ್ಟೆಯ ಶೂ ಹಾಕಿಕೊಂಡವರು ಜಾರದೆ ಬರುವುದು ಕಷ್ಟ. ಮಳೆಗಾಲದ ಕೆಸರಿಗಿಂತ ಬೇಸಿಗೆಯ ಒಣ ಸೂಜಿಯೇ ಜಾಸ್ತಿ ಜಾರುತ್ತೆ. ಇಳಿಯುವಾಗ ಪಾದ ಅಡ್ಡ ಇಡಿ, ಕೋಲು ಕೆಳಬದಿಗೆ ಊರಿ. ಬೀಡಿ, ಸಿಗರೇಟು, ಒಲೆ ಯಾವುದೂ ಬೇಡ. ಅಂಟು ತುಂಬಿದ ಸೂಜಿಗೆ ಕಿಡಿ ಸಾಕು. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಇಲ್ಲಿ ಎಲ್ಲರಿಗೂ ಹೊಟ್ಟೆ ಉರಿದಿತ್ತಲ್ಲ, ಹಿಮಾಚಲದ ಚೀಡ್ ಕಾಡುಗಳು ಬೇಸಿಗೆ ಬಂದರೆ ಸಾಕು, ಹಾಗೆ ಉರಿಯುತ್ತವೆ.

ನಾವು ಹೊಳೆದಂಡೆಯವರು, ಕಾವೇರಿಯಲ್ಲೇ ಈಜು ಕಲಿತವರು. ತೀರ್ಥನ್ ನೋಡೋಕೆ ಸಣ್ಣ ಹೊಳೆ ಥರ ಇದೆ. ಇಳಿದು ಸ್ನಾನ ಮಾಡಬಹುದಾ? ದಾಟಬಹುದಾ?
— ಶ್ರೀರಂಗಪಟ್ಟಣ

ಈ ಸಲ ನಾನು ಬರೆಯಬೇಕೆಂದಿದ್ದೇ ಇದು. ಪತ್ರ ಬರೆದವರಲ್ಲಿ ಎಲ್ಲರೂ ಕರಡಿ, ಚಳಿ, ಎತ್ತರ ಅಂತ ಹೆದರಿದ್ದಾರೆ, ನೀರಿನ ಬಗ್ಗೆ ಹೆದರಿದವರು ಒಬ್ಬರೂ ಇಲ್ಲ. ಬಲಮುರಿ, ಎಡಮುರಿ, ಮುತ್ತತ್ತಿಯಲ್ಲಿ ಮುಳುಗಿ ಹೋದವರ ಸುದ್ದಿ ನಮ್ಮ ಪೇಪರಿನಲ್ಲಿ ಪ್ರತಿ ವರ್ಷ ಬರುತ್ತೆ. ಅವರಲ್ಲಿ ಈಜು ಬರುತ್ತಿದ್ದವರೂ ಇರುತ್ತಾರೆ.

ಮೊದಲನೆಯದು, ಆ ನೀರು ಹಿಮ ಕರಗಿದ ನೀರು. ಕಾವೇರಿಯಲ್ಲಿ ಅರ್ಧ ಗಂಟೆ ಈಜುವ ಕೈಕಾಲು ಅಲ್ಲಿ ಕೆಲವೇ ನಿಮಿಷದಲ್ಲಿ ಹೇಳಿದ ಮಾತು ಕೇಳಲ್ಲ. ಧುಮುಕಿದ ತಕ್ಷಣ ಉಸಿರು ತಾನಾಗೇ ಎಳೆದುಕೊಳ್ಳುತ್ತೆ, ಆಗ ಮುಖ ನೀರೊಳಗಿದ್ದರೆ ಕತೆ ಮುಗೀತು. ಮಂಡಿಯುದ್ದ ನೀರಾದರೂ ಇಳಿಜಾರಿನ ರಭಸಕ್ಕೆ ಆಳು ನಿಲ್ಲಲ್ಲ, ಕೆಳಗೆ ಬರೀ ಬಂಡೆ. ದಡದಲ್ಲಿ ಕೂತು ಕಾಲು ಇಳಿಬಿಡಿ, ಚೊಂಬಲ್ಲಿ ತೆಗೆದು ಮುಖ ತೊಳೆದುಕೊಳ್ಳಿ, ಸಾಕು.

ಎರಡನೆಯದು ಮೈದಾನದ ನಮಗೆ ತಲೆಗೆ ಹೋಗುವುದೇ ಇಲ್ಲ. ಬೇಸಿಗೆಯಲ್ಲಿ ಆ ಹೊಳೆಗಳು ದಿನಕ್ಕೊಮ್ಮೆ ಏರಿ ಇಳಿಯುತ್ತವೆ. ಮಳೆ ಬೇಕಿಲ್ಲ, ಮೋಡವೂ ಬೇಕಿಲ್ಲ. ರಾತ್ರಿ ಮೇಲೆಲ್ಲ ಹೆಪ್ಪುಗಟ್ಟಿ ಹರಿವು ತಗ್ಗುತ್ತೆ, ಬೆಳಿಗ್ಗೆ ನೀರು ಕಡಿಮೆ. ಬಿಸಿಲು ಏರಿದ ಹಾಗೆ ಹಿಮ ಕರಗುತ್ತೆ, ಆ ನೀರು ಕೆಳಗಿನ ಕಣಿವೆಗೆ ಬರುವ ಹೊತ್ತಿಗೆ ಮಧ್ಯಾಹ್ನವೋ ಸಂಜೆಯೋ ಆಗಿರುತ್ತೆ. ಬೆಳಿಗ್ಗೆ ಏಳು ಗಂಟೆಗೆ ಕಲ್ಲಿನ ಮೇಲೆ ಕಾಲಿಟ್ಟು ದಾಟಿದ ತೊರೆಯನ್ನು, ಸಂಜೆ ನಾಲ್ಕಕ್ಕೆ ವಾಪಸು ಬಂದು ನೋಡಿದರೆ ಕಾಲಿಟ್ಟ ಕಲ್ಲೇ ಕಾಣಲ್ಲ. ಬೇಕಿದ್ದರೆ ಪರೀಕ್ಷೆ ಮಾಡಿ. ಕ್ಯಾಂಪ್ ಹತ್ತಿರ ನೀರಂಚಿನಲ್ಲಿ ಒಂದು ಒಣ ಕಲ್ಲು ಗುರುತು ಮಾಡಿಕೊಂಡು ಗಂಟೆಗೊಮ್ಮೆ ನೋಡುತ್ತಾ ಬನ್ನಿ. ಮೊದಲು ಬುಡ ಒದ್ದೆಯಾಗುತ್ತೆ, ಆಮೇಲೆ ಸುತ್ತ ನೀರು ಬರುತ್ತೆ, ಆಮೇಲೆ ಕಲ್ಲಿನ ತಲೆ ಮೇಲೆ ನೀರು ಹಾಯುತ್ತೆ, ಜೊತೆಗೆ ತಿಳಿಯಾಗಿದ್ದ ನೀರು ಬೂದಿ ಬಣ್ಣಕ್ಕೆ ತಿರುಗುತ್ತೆ. ಅದಕ್ಕೇ ದಾಟುವುದೆಲ್ಲ ಬೆಳಿಗ್ಗೆ. ತಡವಾಗಿ ಬಂದಿರಾ, ಈಚೆ ದಡದಲ್ಲೇ ಮಲಗಿ, ಮರುದಿನ ದಾಟಿ.

ಪಾರ್ಕಿನ ದಾರಿಯಲ್ಲಿ ಮುಖ್ಯವಾದ ಕಡೆ ಮರದ ಸೇತುವೆಗಳಿವೆ, ಸುತ್ತಾದರೂ ಅದರ ಮೇಲೇ ಹೋಗಿ. ಸಣ್ಣ ತೊರೆ ದಾಟಲೇಬೇಕಾದರೆ ಶೂ ಬಿಚ್ಚಬೇಡಿ, ಬರಿಗಾಲು ಜಾರುತ್ತೆ. ಬ್ಯಾಗಿನ ಸೊಂಟದ ಬೆಲ್ಟ್ ಬಿಚ್ಚಿಡಿ, ಬಿದ್ದರೆ ಬ್ಯಾಗ್ ಬಿಟ್ಟು ಎದ್ದೇಳೋಕೆ ಆಗಬೇಕು. ಮುಖ ನೀರು ಬರುವ ಕಡೆಗೆ, ಕೋಲು ಮುಂದೆ, ಒಂದು ಕಾಲು ಗಟ್ಟಿ ನಿಂತ ಮೇಲೆ ಇನ್ನೊಂದು ಕಾಲು ಪಕ್ಕಕ್ಕೆ. ಮಂಡಿಗಿಂತ ಮೇಲೆ ನೀರು ಬಂತೋ, ಹಿಂದಕ್ಕೆ.

ಮೂರನೆಯದು ಅಣೆಕಟ್ಟು. ನೀವು ಕೆಆರ್‌ಎಸ್ ಕೆಳಗಿನವರು, ಗೇಟ್ ತೆಗೆದರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಿಲ್ಲ. 1902ರಲ್ಲೇ ಶಿವನಸಮುದ್ರದಲ್ಲಿ ಕರೆಂಟು ತೆಗೆದ ಜಿಲ್ಲೆ ನಮ್ಮದು. ತೀರ್ಥನ್ ಕಣಿವೆಯ ಜನ ಮಾತ್ರ ಜಲವಿದ್ಯುತ್ ಯೋಜನೆಗಳು ಬೇಡ ಅಂತ ಹೋರಾಡಿ ನಿಲ್ಲಿಸಿದರು, ಆ ಹೊಳೆ ಏರುವುದು ಬಿಸಿಲಿಗೆ, ಮಳೆಗೆ ಅಷ್ಟೇ. ಪಕ್ಕದ ಸೈಂಜ್ ಹಾಗಲ್ಲ, ಅಲ್ಲಿ ಯೋಜನೆಗಳಿವೆ. ತೀರ್ಥನ್, ಸೈಂಜ್ ಎರಡೂ ಬಿಯಾಸ್ ಸೇರುವ ಲಾರ್ಜಿಯಲ್ಲೂ ಅಣೆಕಟ್ಟಿದೆ. 2014ರ ಜೂನ್ 8ರ ಸಂಜೆ, ಹೈದರಾಬಾದಿನಿಂದ ಪ್ರವಾಸ ಬಂದಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಲಾರ್ಜಿಗೆ ಕೆಳಗೆ ಬಿಯಾಸ್ ನದಿಯ ಬಂಡೆಗಳ ಮೇಲೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಣೆಕಟ್ಟಿನಿಂದ ನೀರು ಬಿಟ್ಟರು. 24 ವಿದ್ಯಾರ್ಥಿಗಳು ಕೊಚ್ಚಿಹೋದರು. ಮಳೆಯೇ ಇರಲಿಲ್ಲ, ನದಿ ಅಲ್ಲಿಯವರೆಗೂ ಶಾಂತವಾಗಿತ್ತು. ಔಟ್, ಲಾರ್ಜಿ ಸುತ್ತಮುತ್ತ ಬಸ್ಸಿಗೆ ಕಾಯುವಾಗ ನದಿಪಾತ್ರಕ್ಕೆ ಇಳಿಯಬೇಡಿ. ಸೈರನ್ ಕೇಳಿಸಿದರೆ ಏನು ಅಂತ ನೋಡುತ್ತಾ ನಿಲ್ಲಬೇಡಿ, ಮೇಲೆ ಹತ್ತಿ.

ಹತ್ತು ವರ್ಷದ ಮಗನನ್ನು ಕರೆದುಕೊಂಡು ಹೋಗಬಹುದಾ? ಕರಡಿ, ಚಿರತೆ ಇವೆಯಂತೆ. ನಾಗರಹೊಳೆಯಲ್ಲಿ ಜೀಪಿನಿಂದ ಇಳಿಯೋಕೂ ಬಿಡಲ್ಲ, ಅಲ್ಲಿ ನಡೆಸುತ್ತಾರಾ?
— ಸರಸ್ವತಿಪುರಂ, ಮೈಸೂರು

ನಡೆಸುತ್ತಾರೆ ಅಮ್ಮಾ, ಬೇರೆ ದಾರಿಯೇ ಇಲ್ಲ. ಪಾರ್ಕಿನೊಳಗೆ ವಾಹನ ಹೋಗುವ ರಸ್ತೆಯೇ ಇಲ್ಲ. ಆನೆಯೂ ಇಲ್ಲ, ನಮ್ಮ ಕಾಡಿನ ಅರ್ಧ ಭಯ ಅಲ್ಲೇ ಹೋಯಿತು. ಕಪ್ಪು ಕರಡಿ ಇದೆ, ಚಿರತೆ ಇದೆ, ತುಂಬಾ ಮೇಲೆ ಹಿಮಚಿರತೆಯೂ ಇದೆ. ಕರಡಿಗೆ ಮನುಷ್ಯ ದಿಢೀರ್ ಎದುರಾಗುವುದು ಇಷ್ಟವಿಲ್ಲ. ಅದಕ್ಕೆ ದಾರಿ ತಿರುಗುವ ಕಡೆ ಮಾತಾಡುತ್ತಾ ನಡೆಯಿರಿ, ಮಗನನ್ನು ಇಬ್ಬರು ದೊಡ್ಡವರ ನಡುವೆ ಇಟ್ಟುಕೊಳ್ಳಿ, ಟೆಂಟಿನೊಳಗೆ ತಿಂಡಿ ಇಡಬೇಡಿ.

ಹತ್ತು ವರ್ಷದ ಹುಡುಗನಿಗೆ ಮೇಲಿನ ಕ್ಯಾಂಪ್‌ಗಳ ಯೋಚನೆ ಬೇಡ. ಗುಶೈನಿಯಿಂದ ಪಾರ್ಕಿನ ಗೇಟಿಗೆ ಸುಮಾರು 8 ಕಿ.ಮೀ., ಪೂರ್ತಿ ಹೊಳೆಯ ಪಕ್ಕದಲ್ಲೇ. ಅದರಲ್ಲಿ ಆಗುವಷ್ಟು ನಡೆದು ವಾಪಸು ಬನ್ನಿ. ಸೈಂಜ್ ಕಡೆ ಶಾಂಗಢ್‌ನಲ್ಲಿ ದೇವದಾರು ಮರಗಳ ನಡುವೆ ದೊಡ್ಡ ಹುಲ್ಲುಗಾವಲಿದೆ, ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಜಾಗ ಸಿಗಲ್ಲ. ಅದು ಅಲ್ಲಿನ ದೇವರ ಭೂಮಿ, ಊರಿನವರು ಹೇಳಿದ ಹಾಗೆ ಕೇಳಬೇಕು. ದಾರಿ ಬದಿಯ ಗಿಡ ಮುಟ್ಟಬೇಡ ಅಂತ ಮಗನಿಗೆ ಮೊದಲೇ ಹೇಳಿ. ಅಲ್ಲೂ ತುರಿಕೆ ಸೊಪ್ಪಿದೆ, ಬಿಚ್ಚು ಬೂಟಿ ಅನ್ನುತ್ತಾರೆ. ಅದೃಷ್ಟ ಇದ್ದರೆ ಮೋನಾಲ್ ಹಕ್ಕಿ ಕಾಣಬಹುದು. ಜುಜುರಾನಾ ಅನ್ನುವ ಟ್ರಾಗೋಪಾನ್, ಹಿಮಾಚಲದ ರಾಜ್ಯಪಕ್ಷಿ, ಅದು ಕಂಡರೆ ನನಗೂ ಒಂದು ಪತ್ರ ಹಾಕಿ.

ಗೈಡ್ ಕಡ್ಡಾಯವಾ? ಫೋನಿನಲ್ಲಿ ಮ್ಯಾಪ್ ಇದೆ. ಸುಮ್ನೆ ದುಡ್ಡು ಯಾಕೆ?
— ವಿಜಯನಗರ, ಮೈಸೂರು

ಮ್ಯಾಪಲ್ಲಿ ದಾರಿ ಕಾಣುತ್ತೆ ತಮ್ಮಾ, ಕಳೆದ ವಾರ ಸೇತುವೆ ಮುರಿದಿದ್ದು ಕಾಣಲ್ಲ. ನೆಟ್‌ವರ್ಕ್ ಗುಶೈನಿಯಿಂದ ಮೇಲೆ ನೆಚ್ಚಿಕೊಳ್ಳುವ ಹಾಗಿಲ್ಲ.

ದುಡ್ಡಿನ ಮಾತಿಗೆ ಬಂದರೆ, 1984ರಲ್ಲಿ ಶುರುವಾದ ಈ ಪಾರ್ಕಿನ ಅಂತಿಮ ಘೋಷಣೆ ಆಗಿದ್ದು 1999ರಲ್ಲಿ. ಅಲ್ಲಿಯವರೆಗೆ ಸುತ್ತಲಿನ ಹಳ್ಳಿಯವರು ಕುರಿ ಮೇಯಿಸಲು, ಗಿಡಮೂಲಿಕೆ, ಗುಚ್ಛಿ ಅಣಬೆ ಆರಿಸಲು ಅದೇ ಕಾಡಿಗೆ ಹೋಗುತ್ತಿದ್ದರು. ಘೋಷಣೆಯಾದ ಮೇಲೆ ಆ ಹಕ್ಕು ಹೋಯಿತು. 2014ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿ ಹೆಸರು ಬಂತು, ಸರಿ, ಹೆಸರಿನಿಂದ ಹೊಟ್ಟೆ ತುಂಬುತ್ತಾ? ಈಗ ಆ ಮನೆಗಳ ಹುಡುಗರೇ ಗೈಡ್, ಅಡುಗೆಯವರು, ಸಾಮಾನು ಹೊರುವವರು. ಯಾವ ತೊರೆ ಎಷ್ಟು ಹೊತ್ತಿಗೆ ಏರುತ್ತೆ ಅಂತ ಬಾಯಿಪಾಠ ಇರುವವರು. ದೆಹಲಿ, ಬೆಂಗಳೂರಿನ ಪ್ಯಾಕೇಜ್ ಬಿಟ್ಟು ಊರಿನವರನ್ನೇ ಹಿಡಿಯಿರಿ, ರೇಟು ಮೊದಲೇ ಮಾತಾಡಿಕೊಳ್ಳಿ.

ಅಲ್ಲಿ ಮೀನಿಗೆ ಗಾಳ ಹಾಕಬಹುದಾ?
— ಮದ್ದೂರು

ಪಾರ್ಕಿನೊಳಗೆ ಇಲ್ಲ. ಹೊರಗೆ ತೀರ್ಥನ್‌ನಲ್ಲಿ ಮೀನುಗಾರಿಕೆ ಇಲಾಖೆಯ ಪರ್ಮಿಟ್ ಇದ್ದರೆ ಹಾಕಬಹುದು, ಚಳಿಗಾಲದ ನಿಷೇಧದ ತಿಂಗಳು ಬಿಟ್ಟು. ಸಿಗುವುದು ಟ್ರೌಟ್, ಬ್ರಿಟಿಷರ ಕಾಲದಲ್ಲಿ ತಂದು ಬಿಟ್ಟ ಮೀನು. ಮಂಡ್ಯದ ಗಾಳ, ಮಣ್ಣುಹುಳಕ್ಕೆ ಬೀಳುತ್ತಾ ಅಂತ ಕೇಳಿದ್ದೀರಿ. ಆಮಿಷದ ನಿಯಮ ಪರ್ಮಿಟ್‌ನಲ್ಲೇ ಇರುತ್ತೆ, ಓದಿಕೊಳ್ಳಿ.

ಊಟಕ್ಕೇನು ಗತಿ? ನಮ್ಮ ಯಜಮಾನರಿಗೆ ಮುದ್ದೆ ಇಲ್ಲದಿದ್ದರೆ ಆಗಲ್ಲ.
— ನಾಗಮಂಗಲ

ಮುದ್ದೆ ಸಿಗಲ್ಲ, ರಾಜ್ಮಾ ಅನ್ನ ಸಿಗುತ್ತೆ. ಸಿಡ್ಡು ಅಂತ ಹಬೆಯಲ್ಲಿ ಬೇಯಿಸಿದ ಗೋಧಿ ತಿಂಡಿ ಇದೆ, ಒಳಗೆ ಹೂರಣ, ಮೇಲೆ ತುಪ್ಪ. ಯಜಮಾನರು ಎರಡು ತಿಂದು ಮೂರನೆಯದು ಕೇಳುತ್ತಾರೆ, ನೋಡುತ್ತಿರಿ. ಬ್ಯಾಗಿಗೆ ರಾಗಿ ಹುರಿಹಿಟ್ಟು ಮತ್ತು ಬೆಲ್ಲ ಹಾಕಿಕೊಳ್ಳಿ. ಒಲೆ ಬೇಡ, ಬಿಸಿನೀರು ಸಿಕ್ಕರೆ ಸಾಕು. ಚಟ್ನಿಪುಡಿ, ಅವಲಕ್ಕಿ ಹೇಳಬೇಕಾ? ಪ್ಲಾಸ್ಟಿಕ್ ಕವರ್ ಮಾತ್ರ ಒಂದೂ ಬಿಡದೆ ವಾಪಸು ತನ್ನಿ.

ಅಷ್ಟು ದೂರ ಹೋಗೋಕೆ ಆಗಲ್ಲ. ಹತ್ತಿರದಲ್ಲಿ ಪೈನ್ ಕಾಡು, ಹೊಳೆ ಕಣಿವೆ ಇಲ್ವಾ?
— ಕೆ.ಆರ್. ಪೇಟೆ, ಮಳವಳ್ಳಿ, ನಂಜನಗೂಡಿನಿಂದ

ಪೈನ್ ನೋಡಬೇಕಾದರೆ ಊಟಿ. ಅದು ನೆಟ್ಟಿದ್ದು, ತಾನಾಗಿ ಬೆಳೆದ ಕಾಡಲ್ಲ, ರಜೆಯಲ್ಲಿ ಮರಕ್ಕಿಂತ ಜನ ಜಾಸ್ತಿ. ಹೊಳೆ ಕಣಿವೆಗೆ ಮಳವಳ್ಳಿಯವರು ಮನೆ ಬಿಟ್ಟು ಹೊರಗೆ ಬಂದರೆ ಸಾಕು, ಭೀಮೇಶ್ವರಿ ಕಡೆಯ ಕಾವೇರಿ ವನ್ಯಧಾಮ ಇದೆ. ಅಲ್ಲಿ ಆನೆಯೂ ಇದೆ, ಮೊಸಳೆಯೂ ಇದೆ, ಹೇಳಿದ ಜಾಗ ಬಿಟ್ಟು ನಡೆಯಬೇಡಿ. ಕರ್ನಾಟಕದ ಚಾರಣ ದಾರಿಗಳಿಗೆ ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ಬುಕ್ ಮಾಡಿಕೊಳ್ಳಬೇಕು.

ಮೇ ತಿಂಗಳಲ್ಲಿ ರೇನ್‌ಕೋಟ್ ಬೇಕಾ? ಛತ್ರಿ ಸಾಕಾ?
— ಹುಣಸೂರು ರಸ್ತೆ, ಮೈಸೂರು

ರೇನ್‌ಕೋಟ್ ಬೇಕು. ಮಧ್ಯಾಹ್ನದ ಮೇಲೆ ಆ ಎತ್ತರದಲ್ಲಿ ಮಳೆ, ಆಲಿಕಲ್ಲು ಮೇಯಲ್ಲೂ ಬೀಳುತ್ತೆ. ಒಂದು ಸಾವಿರ ಮೀಟರ್ ಹತ್ತಿದರೆ ಆರೇಳು ಡಿಗ್ರಿ ಕಡಿಮೆ, ಒದ್ದೆ ಬಟ್ಟೆಯಲ್ಲಿ ನಿಂತರೆ ನಡುಕ. ಛತ್ರಿ ಬೇಡ, ಒಂದು ಕೈಗೆ ಕೋಲು, ಇನ್ನೊಂದು ಕೈಗೆ ಬಂಡೆ ಬೇಕಾಗುತ್ತೆ.